ಮಣ್ಣು ಮುಟ್ಟಿ ಆಡಿದ ಮಾತು

ಮರಿಯ ಗೊರಸಿನ ಸಂದಿಗೆ ಹೊಕ್ಕಿದ್ದ ಜಾಲಿ ಮುಳ್ಳನ್ನು ಕೀಳುತ್ತ ಕೂತಿದ್ದ ಕೃಷ್ಣಮ್ಮನಿಗೆ, ಮುಕ್ತಿಯಾರ್ ಪೈಲ್ವಾನ ಕ್ಲೋಸ್‌ಪೇಟೆಯ ಕುಸ್ತಿಯಲ್ಲಿ ಚಿತ್ತಾದ ಸುದ್ದಿ ಕಿವಿಗೆ ತಾಗಿತೇ ಹೊರತು ಒಳಗೆ ಇಳಿಯಲಿಲ್ಲ. ರೊಪ್ಪದ ಬೇಲಿಯಾಚೆ ಹಾಲಮ್ಮನದೊಡ್ಡಿಯ ಗಂಡಸರು ಗುಂಪು ಕಟ್ಟಿ ನಿಂತು, ಕ್ಲೋಸ್‌ಪೇಟೆಯಿಂದ ನಡೆದು ಬಂದ ಧೂಳುಗಾಲಲ್ಲೇ, ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಸೋತದ್ದಕ್ಕೆ ಅವರ ಸಿಟ್ಟಲ್ಲ. ಸೋಲು ಗೆಲುವು ಯಾರಪ್ಪನ ಮನೆ ಸ್ವತ್ತು? ಬೇಕೆಂದೇ ಬಿದ್ದ ಅನ್ನುವುದು ಅವರ ತಕರಾರು. ಕೆಳಗಾದ ಪೈಲ್ವಾನ ಬೆನ್ನು ಮಣ್ಣಿಗೆ ತಾಗದ ಹಾಗೆ ಸೊಂಟ ಎತ್ತುತ್ತಾನೆ, ಹಿಮ್ಮಡಿ ಒದೆಯುತ್ತಾನೆ, ಮಗ್ಗುಲಾಗಲು ಹೆಣಗುತ್ತಾನೆ. ಮುಕ್ತಿಯಾರನ ಹಿಮ್ಮಡಿ ಕದಲಲೇ ಇಲ್ಲವಂತೆ. ಮಧ್ಯಾಹ್ನ ಉಂಡು ಒರಗುವವನ ಹಾಗೆ ಒರಗಿಬಿಟ್ಟನಂತೆ. ಬೆಂಚಿನ ಟಿಕೀಟು ತೆಗೆದುಕೊಂಡು ಮುಂದೆಯೇ ಕೂತಿದ್ದ ಪಟೇಲ ಚನ್ನಯ್ಯನವರು ಥೂ ಎಂದು ಎದ್ದು ಹೊರಟರಂತೆ.

ಬೀಳುವವರು ಬೀಳಲಿ, ಏಳುವವರು ಏಳಲಿ, ನನಗೇನಾಗಬೇಕು ಅಂದುಕೊಂಡಳು ಕೃಷ್ಣಮ್ಮ. ಅವಳು ಹುಟ್ಟಿದಾರಭ್ಯ ಕುಸ್ತಿ ನೋಡಿದವಳಲ್ಲ. ಗರಡಿಯ ಹೊಸ್ತಿಲನ್ನು ಹೆಂಗಸರು ತುಳಿಯುವ ಹಾಗೂ ಇರಲಿಲ್ಲ. ಅದೂ ಅಲ್ಲದೆ, ಹಿಂದಿನ ವರ್ಷದ ಆ ಹಾಳು ಜ್ವರ ಊರೂರನ್ನೇ ಗುಡಿಸಿಕೊಂಡು ಹೋದಾಗ ಗಂಡ ಕರಿಯಯ್ಯನೂ ಹೋದ ಮೇಲೆ, ಯಾವ ಸುದ್ದಿಯೂ ಅವಳ ಹತ್ತಿರಕ್ಕೆ ಬರುವುದನ್ನು ಬಿಟ್ಟಿತ್ತು. ಹೆಣ ಎತ್ತುವಾಗಲೂ ಅತ್ತವಳಲ್ಲ. ಕಲ್ಲೆದೆಯವಳು ಅಂದರು ಜನ. ಅನ್ನುವವರ ಬಾಯಿಗೇನು, ಅಂದರು. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ಏಳುತ್ತಿದ್ದಳು, ಕುರಿ ಬಿಡುತ್ತಿದ್ದಳು, ಹಿಟ್ಟು ತಿರುವುತ್ತಿದ್ದಳು, ಮಲಗುತ್ತಿದ್ದಳು.

ಇಷ್ಟರಲ್ಲೂ ಅವಳಿಗೆ ಬೇಕು ಅನ್ನಿಸುತ್ತಿದ್ದದ್ದು ಒಂದೇ, ಬಾವಿ ಹೊಲ. ಊರಿನ ಪಡುವಣಕ್ಕೆ, ಹೊಂಗೆಮರಗಳ ಸಾಲಿನ ಕೆಳಗೆ, ಬೇಸಗೆಯಲ್ಲೂ ಬತ್ತದ ಬಾವಿಯಿದ್ದ ಹೊಲ ಅದು. ಅಣ್ಣ ದಾಸಪ್ಪನೂ ತಮ್ಮ ಕರಿಯಯ್ಯನೂ ಪಾಲು ಮಾಡಿಕೊಂಡಾಗ ಮಳೆ ನಂಬಿದ ದೊಡ್ಡ ಬೆದ್ದಲು ಅಣ್ಣನಿಗೆ, ಬಾವಿ ಹೊಲ ತಮ್ಮನಿಗೆ ಅಂತ ಆಗಿತ್ತು. ಆಗಿತ್ತು ಅನ್ನುವುದೇ ಈಗ ಜಗಳ. ಪಾಲು ಆಗಿದ್ದರೆ ಕರಿಯಯ್ಯನ ಹೊಲ ಅವನ ಹೆಂಡತಿಯ ಕೈಯಲ್ಲಿ ಉಳಿಯುತ್ತದೆ. ಪಾಲೇ ಆಗಿಲ್ಲ, ಇಬ್ಬರೂ ಕೂಡಿಯೇ ಇದ್ದರು ಅಂತಾದರೆ ಎಲ್ಲವೂ ಬದುಕಿ ಉಳಿದ ಅಣ್ಣನದು. ಮಕ್ಕಳಿಲ್ಲದ ಕೃಷ್ಣಮ್ಮನಿಗೆ ಅವನ ಮನೆಯ ಒಂದು ಮೂಲೆ, ಅವನ ಹೆಂಡತಿ ಮಾಯಮ್ಮ ಇಕ್ಕಿದಷ್ಟು ಕೂಳು. ಖಾತೆ ಹಿರಿಯವನಾದ ದಾಸಪ್ಪನ ಹೆಸರಲ್ಲೇ ಉಳಿದಿತ್ತು. ಪಾಲು ಬರೆದ ಒಂದು ಚೂರು ಕಾಗದವೂ ಇರಲಿಲ್ಲ.

ಬರೆಸಬಾರದಿತ್ತೇ ಅಂತ ಈಗಿನವರು ಕೇಳಬಹುದು. ಚನ್ನಪಟ್ಟಣದ ಸುತ್ತಲಿನ ದೊಡ್ಡಿಗಳಲ್ಲಿ ಆಗ ಬೇರೆಯೇ ಒಂದು ಪದ್ಧತಿಯಿತ್ತು. ಪೇಟೆಯ ಗರಡಿಯಲ್ಲಿ ಸಾಮು ಮಾಡಿದವರು, ಕುರುಬನಾಗಲಿ ಒಕ್ಕಲಿಗನಾಗಲಿ ಸಾಬಿಯಾಗಲಿ, ತಮ್ಮತಮ್ಮೊಳಗೆ ಏನೇ ಮಾತಾದರೂ ಗರಡಿಗೆ ಹೋಗುತ್ತಿದ್ದರು. ಕೆರ ಬಿಟ್ಟು, ಕುಸ್ತಿಯ ಕೆಂಪು ಮಣ್ಣಿಗೆ ಇಳಿದು, ಇಬ್ಬರೂ ಒಂದೊಂದು ಹಿಡಿ ಮಣ್ಣು ಎತ್ತಿಕೊಂಡು ಮಾತು ಹೇಳಿ, ಆ ಮಣ್ಣನ್ನು ಉಸ್ತಾದನ ಬೊಗಸೆಗೆ ಹಾಕುವುದು. ಉಸ್ತಾದ ಎರಡನ್ನೂ ಕಲೆಸಿ ಮತ್ತೆ ಕೆಳಗೆ ಚೆಲ್ಲುವುದು. ಮುಗಿಯಿತು. ಎತ್ತಿನ ವ್ಯಾಪಾರವೂ ಹಾಗೇ, ರೇಷ್ಮೆಗೂಡಿನ ವ್ಯಾಪಾರವೂ ಹಾಗೇ, ಅಣ್ಣತಮ್ಮಂದಿರ ಪಾಲೂ ಹಾಗೇ. ಈ ಗರಡಿ ನನ್ನ ಅನ್ನಕ್ಕೆ ಕಲ್ಲು ಹಾಕಿತು ಅಂತ ಶಾನುಭೋಗರು ಗೊಣಗುತ್ತಿದ್ದರು. ಆ ಮಣ್ಣು ಮುಟ್ಟಿ ಆಡಿದ ಮಾತಿಗೆ ತಪ್ಪಿದವನು ಇದ್ದಾನೆಂದು ಯಾರೂ ಕೇಳಿರಲಿಲ್ಲ. ತಪ್ಪಿದರೆ ಉಸ್ತಾದ ಬಂದು ನಿಂತು ಹೇಳುತ್ತಾನಲ್ಲ, ಅವನ ಮುಖ ನೋಡಿ ಸುಳ್ಳಾಡುವವರು ಯಾರು?

ಆ ಉಸ್ತಾದನೇ ಮುಕ್ತಿಯಾರ್ ಪೈಲ್ವಾನ. ಪಾಲಿನ ದಿನ ಗರಡಿಯಲ್ಲಿ ನಿಂತಿದ್ದ ಇನ್ನಿಬ್ಬರನ್ನು ಜ್ವರ ಕೊಂಡೊಯ್ದಿತ್ತು. ಬದುಕಿದ್ದ ಸಾಕ್ಷಿ ಅಂದರೆ ಅವನೊಬ್ಬನೇ. ಸೋಮವಾರ ಚಾವಡಿಯ ಮುಂದೆ ನ್ಯಾಯ ಸೇರಬೇಕು, ಪೈಲ್ವಾನ ಬಂದು ಮಣ್ಣು ಮುಟ್ಟಿ ಹೇಳಬೇಕು, ಅವನು ಹೇಳಿದ ಹಾಗೆ ನಡೆಯಬೇಕು ಅಂತ ಪಟೇಲ ಚನ್ನಯ್ಯನವರು ಕುಸ್ತಿಗೆ ಮುಂಚೆಯೇ ಗೊತ್ತು ಮಾಡಿದ್ದರು.

ದಾಸಪ್ಪ ಕೆಟ್ಟವನೇನಲ್ಲ. ತಮ್ಮ ಸತ್ತಾಗ ತಲೆ ಚಚ್ಚಿಕೊಂಡು ಅತ್ತವನು. ಹೊಲದ ಮಾತು ಎತ್ತಿದ್ದು ಮಾಗಡಿ ಕಡೆಯ ಅವನ ಭಾವಮೈದುನರು. ದಿನಾ ಅದನ್ನೇ ಕಿವಿಗೆ ಊದಿ ಊದಿ ಅವನಿಗೂ ಆಸೆ ಹುಟ್ಟಿಸಿದ್ದರು. ಆದರೂ ಸೋಮವಾರ ಅಂದಕೂಡಲೆ ಅವನ ಮುಖ ಸಪ್ಪಗಾಗುತ್ತಿತ್ತು. ಅವನೂ ಅದೇ ಗರಡಿಯಲ್ಲಿ ಬೆಳೆದವನಲ್ಲವೇ? ಮಣ್ಣು ಮುಟ್ಟಿ ಸುಳ್ಳಾಡುವ ಎದೆ ನನ್ನ ಮಗನಿಗಿಲ್ಲ, ನೀನು ಸುಮ್ಮನಿರು ಅಂತ ಅತ್ತೆ ದೊಡ್ಡಲಕ್ಷ್ಮಮ್ಮ ಸೊಸೆಗೆ ಧೈರ್ಯ ಹೇಳಿದ್ದಳು.

ಕುಸ್ತಿಯ ಸುದ್ದಿ ಬಂದ ದಿನ ಸಾಯಂಕಾಲ ದಾಸಪ್ಪ ಎಂದೂ ಇಲ್ಲದ ಲವಲವಿಕೆಯಿಂದ ಊಟಕ್ಕೆ ಕೂತ. ಅವರೆಕಾಳಿನ ಸಾರು ಇನ್ನೊಂದು ಸವಟು ಕೇಳಿ ಹಾಕಿಸಿಕೊಂಡ. ಅವನ ತಾಯಿ ಮೆಲ್ಲಗೆ, ಸೋಮವಾರ ಏನು ಮಾಡುತ್ತೀಯಪ್ಪ ಅಂತ ಕೇಳಿದಳು.

"ಏನ್ ಮಾಡಾದು? ಮುಟ್ಟು ಅಂದ್ರೆ ಮುಟ್ತೀನಿ," ಅಂದ ದಾಸಪ್ಪ. "ಉಸ್ತಾದ್ನೇ ಕುಸ್ತಿ ಮಣ್ಣಲ್ಲಿ ಮಲೀಕ್ಕಂಡು ನಾಟ್ಕ ಆಡ್ದ ಮ್ಯಾಲೆ, ಅದು ಬರೀ ಮಣ್ಣು ಕಣವ್ವ."

ನಡುಗೋಡೆಯ ಆಚೆ ತನ್ನ ಒಲೆಯ ಮುಂದಿದ್ದ ಕೃಷ್ಣಮ್ಮನಿಗೆ ಆ ಮಾತು ಮಾತ್ರ ನೆಟ್ಟಗೆ ಒಳಗಿಳಿಯಿತು. ಭಯವಾಯಿತು. ಎಷ್ಟೋ ತಿಂಗಳ ಮೇಲೆ ಏನೋ ಒಂದು ಆಗಿತ್ತಲ್ಲ, ಅದೂ ಭಯವೇ ಆಗಬೇಕಿತ್ತೇ!

ಮಾರನೆಯ ಬೆಳಿಗ್ಗೆ ಕುರಿಗಳನ್ನು ಅತ್ತೆಗೆ ಒಪ್ಪಿಸಿ ಚನ್ನಪಟ್ಟಣಕ್ಕೆ ನಡೆದಳು. ಪೇಟೆಯ ತುಂಬ ಅದೇ ಮಾತು. ರಾಗಿ ಅಳೆಯುತ್ತಿದ್ದವನು ಸೇರಿನ ತಲೆ ಹೊಡೆದು ಕಡಿಮೆ ಅಳೆದ. ಕೊಂಡವಳು ರೇಗಿದರೆ, ಪೈಲ್ವಾನನೇ ಹಂಗೆ ಮಾಡಿದ ಮೇಲೆ ನಮ್ಮದೇನು ಬುಡವ್ವ ಅಂತ ಹಲ್ಲು ಕಿರಿದ. ಸುತ್ತ ಇದ್ದವರು ನಕ್ಕರು, ರೇಗಿದವಳೂ ನಕ್ಕಳು. ಎತ್ತಿನ ದಲ್ಲಾಳಿಯೊಬ್ಬ ಮಾತಿಗೆ ತಪ್ಪಿದ ಇನ್ನೊಬ್ಬನನ್ನು, ಏನ್ಲಾ ಕ್ಲೋಸ್‌ಪೇಟೆ ಬಿದ್ದೆಯಾ ಅಂತ ಛೇಡಿಸುತ್ತಿದ್ದ. ಕೃಷ್ಣಮ್ಮ ನಿಲ್ಲದೆ ಮುಂದೆ ಹೋದಳು.

ಮುಕ್ತಿಯಾರ್ ಮನೆಯ ಮುಂದಿನ ಚಪ್ಪರದ ಕೆಳಗೆ ಕೂತು ಬೊಂಬೆಯ ಕೆಲಸ ಮಾಡುತ್ತಿದ್ದ. ಪೈಲ್ವಾನಿಕೆಯಿಂದ ಹೊಟ್ಟೆ ತುಂಬುವ ಕಾಲ ಯಾವಾಗಲೂ ಇರುತ್ತದೆಯೇ? ತಿರುಗಣೆಗೆ ಸಿಕ್ಕಿಸಿದ ಹಾಲೆಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದ. ಕಾದ ಅರಗಿನ ವಾಸನೆ ಬೀದಿಗೆಲ್ಲ ಹರಡಿತ್ತು. ಕೃಷ್ಣಮ್ಮನನ್ನು ಕಂಡು ಕೆಲಸ ನಿಲ್ಲಿಸಿದ. ಹೆಂಡತಿ ರೋಶನ್ ಬೀ ಒಳಗಿಂದ ಬೆಲ್ಲ, ನೀರು ತಂದಿಟ್ಟು, ಬಾಗಿಲ ಪರದೆಯ ಪಕ್ಕ ನಿಂತಳು. ಮಾತಿಗೆ ಮುಂಚೆಯೇ ಅವಳ ಕಣ್ಣು ತುಂಬಿದ್ದನ್ನು ಕೃಷ್ಣಮ್ಮ ನೋಡಿದಳು. ಅವತ್ತು ಬೆಳಿಗ್ಗೆ ಗರಡಿಯ ಬಾಗಿಲಿಗೆ ಒಬ್ಬ ಶಿಷ್ಯನೂ ಬಂದಿರಲಿಲ್ಲವಂತೆ.

ಜನ ಆಡುತ್ತಿರುವುದು ನಿಜವೇ ಅಂತ ಕೃಷ್ಣಮ್ಮ ಕೇಳಿದಳು. ಮುಕ್ತಿಯಾರ್ ಮುಚ್ಚಿಡಲಿಲ್ಲ. ಬೆಂಗಳೂರು ದಂಡಿನಿಂದ ಬಂದ ಗುತ್ತಿಗೆದಾರ ಟೆಂಟು ಹಾಕಿಸಿ ಟಿಕೀಟು ಮಾರಿದ್ದ. ಮೊದಲನೆಯ ಕುಸ್ತಿಯಲ್ಲಿ ನೀನು ಬೀಳು, ಮರುವಾರ ಸೇಡಿನ ಕುಸ್ತಿ ಅಂತ ಡಂಗುರ ಸಾರಿಸೋಣ, ಆಗ ನೀನು ಗೆಲ್ಲು, ಎರಡು ಸಲವೂ ಟೆಂಟು ತುಂಬುತ್ತದೆ ಅಂದಿದ್ದ. ಮುಕ್ತಿಯಾರನಿಗೂ ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಇನ್ನು ಎಷ್ಟು ಕುಸ್ತಿ ಆಡುತ್ತೇನೋ ಅಂತ ಒಪ್ಪಿಬಿಟ್ಟ.

"ಅದು ಆಟ ಕಣಮ್ಮ," ಅಂದ. "ದುಡ್ಡು ಕೊಟ್ಟು ಒಳೀಕ್ ಬಂದ್ರು, ನೋಡುದ್ರು, ಓದ್ರು. ಯಾರ ಮನೆ ಮುಳುಗ್ತು? ಗರಡೀಲಿ ಆಡಿದ್ ಮಾತೇ ಬ್ಯಾರೆ, ಟೆಂಟಲ್ಲಿ ಬಿದ್ದಿದ್ದೇ ಬ್ಯಾರೆ. ನಿನ್ ಗಂಡುಂದು ಬಾವಿ ಹೊಲ. ನನ್ ಬೊಗ್ಸೇಲಿ ಮಣ್ ಹಾಕವ್ರೆ ಇಬ್ರೂವೆ. ಸೋಮ್ವಾರ ಬತ್ತೀನಿ, ಯೋಳ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೃಷ್ಣಮ್ಮನ ಕಿವಿಯಲ್ಲಿ ಬರೀ ಮಣ್ಣು ಕಣವ್ವ ಅನ್ನುವುದೇ ಗುಂಯ್‌ಗುಡುತ್ತಿತ್ತು. ದಾಸಪ್ಪ ಎಲ್ಲರ ಮುಂದೆ ಕ್ಲೋಸ್‌ಪೇಟೆಯ ಮಾತನ್ನೇ ಎತ್ತುತ್ತಾನೆ, ಎತ್ತದೆ ಬಿಡುವುದಿಲ್ಲ. ಬೇಕೆಂದೇ ಬಿದ್ದೆ ಅಂತ ಈ ಪುಣ್ಯಾತ್ಮ ಅಲ್ಲಿಯೂ ಒಪ್ಪಿಕೊಂಡರೆ ಅವನ ಸಾಕ್ಷಿಗೆ ಬೆಲೆ ಏನು ಉಳಿಯಿತು? ದಾರಿಯುದ್ದಕ್ಕೂ ಅವಳು ಯೋಚಿಸಿಕೊಂಡು ಬಂದದ್ದು ಅದನ್ನೇ. ಬೆಲ್ಲದ ಚೂರನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೇಳಿದಳು.

"ಅಣ್ಣ, ಕ್ಲೋಸ್‌ಪೇಟೇದ್ ಕೇಳುದ್ರೆ, ನಿಜ್ವಾಗ್ಲೂ ಬಿದ್ದೆ ಅಂದ್ಬುಡಿ. ತೋಳಲ್ಲಿ ಕಸು ಸಾಲ್ದೆ ಬಿದ್ದೆ ಅನ್ನಿ. ಅಷ್ಟೇ."

"ಅದು ಸುಳ್ಳಾಯ್ತದಲ್ಲ ತಂಗಿ. ಮಣ್ ಕೈಲಿಟ್ಕಂಡು..."

"ಅದು ಆಟ ಅಂತ ನೀವೇ ಅಂದ್ರಲ್ಲ. ಆಟುದ್ ಮಾತಲ್ಲಿ ಒಂದು ಸುಳ್ಳಾಡುದ್ರೆ ಯಾರ ಮನೆ ಮುಳುಗ್ತದೆ? ನಂದು ಆಟ ಅಲ್ಲ. ಆ ಹೊಲ ಓದ್ರೆ ನಾನು ಮಾಯಮ್ಮನ್ ಮನೇಲಿ ಮುಸ್ರೆ ತೊಳ್ಕಂಡು ಸಾಯ್ಬೇಕು."

ಮುಕ್ತಿಯಾರ್ ತಲೆ ತಗ್ಗಿಸಿ ಕೂತ. ಆ ಅಗಲ ಎದೆ, ಮುರಿದ ಕಿವಿಗಳ ಆಳು, ತನ್ನದೇ ಮಾತಿನ ಪಟ್ಟಿಗೆ ಸಿಕ್ಕಿಕೊಂಡಿದ್ದ. ಪರದೆಯ ಹಿಂದಿನಿಂದ ರೋಶನ್ ಬೀ ಉರ್ದುವಿನಲ್ಲಿ ಏನೋ ಅಂದಳು, ಬೇಡ ಅಂದಳೋ ಹೂಂ ಅನ್ನು ಅಂದಳೋ ಕೃಷ್ಣಮ್ಮನಿಗೆ ತಿಳಿಯಲಿಲ್ಲ. ಕೊನೆಗೆ ಅವನು ಆಯಿತು ಅನ್ನುವ ಹಾಗೆ ಕತ್ತು ಆಡಿಸಿದ. ಕೃಷ್ಣಮ್ಮ ಎದ್ದು ಕೈ ಮುಗಿದು ಹೊರಟಳು. ತಾನು ಹೇಳಿಕೊಟ್ಟದ್ದರಲ್ಲಿ ತಪ್ಪಿದೆ ಅಂತ ಅವಳಿಗೆ ಅನ್ನಿಸಲೇ ಇಲ್ಲ. ಕೆಲಸವಾಯಿತು ಅನ್ನಿಸಿತು.

ಸೋಮವಾರ ಚಾವಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಸಾಮಾನ್ಯವಾಗಿ ಪಾಲಿನ ಜಗಳಕ್ಕೆ ಯಾರೂ ಇಷ್ಟು ಆಸೆಪಟ್ಟು ಬರುವವರಲ್ಲ. ಬಿದ್ದ ಪೈಲ್ವಾನನನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡೋಣ ಅಂತ ಬಂದಿದ್ದರು. ಹೆಂಗಸರು ಗೋಡೆಯ ಮಗ್ಗುಲಿಗೆ, ದೊಡ್ಡಲಕ್ಷ್ಮಮ್ಮನೂ ಕೃಷ್ಣಮ್ಮನೂ ಎಲ್ಲರಿಗಿಂತ ಮುಂದೆ. ಮುಕ್ತಿಯಾರ್ ಒಗೆದ ಬಿಳಿ ಅಂಗಿ ಹಾಕಿ, ರುಮಾಲು ಸುತ್ತಿ, ಬಾಳೆಲೆಯಲ್ಲಿ ಗರಡಿಯ ಮಣ್ಣು ಕಟ್ಟಿಕೊಂಡು ಬಂದ. ಮೊದಲೆಲ್ಲ ಅವನು ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಅವತ್ತು ಯಾರೂ ಏಳಲಿಲ್ಲ.

ಎಲೆ ಬಿಚ್ಚಿ, ಮಣ್ಣನ್ನು ಬಲಗೈಯ ಮುಷ್ಟಿಯಲ್ಲಿ ಹಿಡಿದು ಹೇಳಿದ. ಪಾಲು ಆಗಿದೆ, ಬೆದ್ದಲು ದಾಸಪ್ಪನದು, ಬಾವಿ ಹೊಲ ಕರಿಯಯ್ಯನದು, ಇಬ್ಬರೂ ನನ್ನ ಬೊಗಸೆಗೆ ಮಣ್ಣು ಹಾಕಿದ್ದಾರೆ. ದನಿ ಗಟ್ಟಿಯಾಗಿತ್ತು. ಚನ್ನಯ್ಯನವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳಿದರು. ಕೇಳುತ್ತಿದ್ದ ಜನವೂ ತಣ್ಣಗಾಯಿತು, ನಾಲ್ಕಾರು ತಲೆಗಳು ಹೌದು ಅನ್ನುವ ಹಾಗೆ ಆಡಿದವು. ದಾಸಪ್ಪನ ಕಣ್ಣು ನೆಲ ನೋಡುತ್ತಿತ್ತು. ಅಲ್ಲಿಗೇ ನಿಂತಿದ್ದರೆ ನಿಂತುಬಿಡುತ್ತಿತ್ತೋ ಏನೋ. ಮಾಗಡಿಯ ಭಾವಮೈದುನ ಹಿಂದಿನಿಂದ ದಾಸಪ್ಪನ ಪಕ್ಕೆಗೆ ತಿವಿದ.

"ಒಂದ್ ಮಾತು ಉಸ್ತಾದ್ರೆ," ಅಂದ ದಾಸಪ್ಪ, ತಲೆ ಎತ್ತದೆ. "ಮಣ್ ಕೈಲೇ ಇರ್ಲಿ. ಕ್ಲೋಸ್‌ಪೇಟೇಲಿ ನೀವು ನಿಜ್ವಾಗ್ಲೂ ಬಿದ್ರೋ, ಬೇಕು ಅಂತ ಬಿದ್ರೋ?"

ಮುಕ್ತಿಯಾರ್ ಗೋಡೆಯ ಕಡೆಗೆ, ಹೆಂಗಸರ ಕಡೆಗೆ ಒಂದು ಸಲ ನೋಡಿದ. ಕೃಷ್ಣಮ್ಮ ಅವನನ್ನೇ ನೋಡುತ್ತಿದ್ದಳು, ರೆಪ್ಪೆ ಮಿಟುಕಿಸದೆ. ಹೇಳು, ಹೇಳಿಬಿಡು ಅಂತ ಮನಸ್ಸಿನಲ್ಲೇ ಅವನನ್ನು ನೂಕುತ್ತಿದ್ದಳು.

"ನಿಜ್ವಾಗ್ಲೂ ಬಿದ್ದೆ," ಅಂದ ಮುಕ್ತಿಯಾರ್. "ತೋಳಲ್ಲಿ ಕಸು ಸಾಲ್ನಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚನ್ನಯ್ಯನವರು ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದು, ಪಂಚೆಯ ಅಂಚಿನಿಂದ ತುಟಿ ಒರೆಸಿಕೊಂಡರು. ಅವರಿಗೆ ಪೈಲ್ವಾನನ ಮೇಲೆ ಮಮತೆಯಿತ್ತು. ಎಳೆಯ ವಯಸ್ಸಿನಲ್ಲಿ ಅವನ ಕುಸ್ತಿ ನೋಡಲು ಮೈಸೂರಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು. ಆಗ ಕೃಷ್ಣಮ್ಮನಿಗೆ, ರೊಪ್ಪದ ಬೇಲಿಯಾಚೆ ಅವತ್ತು ಗಂಡಸರು ಆಡಿದ್ದೆಲ್ಲ ಒಂದೊಂದಾಗಿ ಒಳಗಿಳಿಯತೊಡಗಿತು. ಬೆಂಚಿನ ಟಿಕೀಟು. ಮುಂದೆಯೇ ಕೂತಿದ್ದವರು. ಥೂ ಎಂದು ಎದ್ದವರು. ಅಯ್ಯೋ, ಕೇಳಿಸಿಕೊಂಡಿದ್ದಳಲ್ಲ! ಕಿವಿಯಿದ್ದೂ ಕೇಳದವಳಾಗಿದ್ದಳು.

"ಮುಕ್ತಿಯಾರ್," ಅಂದರು ಚನ್ನಯ್ಯನವರು, ನಿಧಾನಕ್ಕೆ. "ನಾನು ಮುಂದ್ಗಡೆ ಬೆಂಚ್ನಲ್ಲೇ ಇದ್ದೆ ಕಣಪ್ಪ. ನಿನ್ ಹಿಮ್ಡಿ ನೋಡ್ತಿದ್ದೆ. ಬೇಕು ಅಂತ್ಲೇ ಬಿದ್ದೆ ಅಂದಿದ್ರೆ, ಒಸಿ ಬಯ್ದು, ಈ ಹೊಲ ಈ ಹೆಣ್ಮಗೀಗೆ ಬುಟ್ಕೊಡಿ ಅಂತಿದ್ದೆ. ಈಗ ಒಂದೇ ಹಿಡಿ ಮಣ್ ಇಟ್ಕಂಡು ಎರಡ್ ಮಾತಾಡ್ದೆ. ಒಂದು ಸುಳ್ಳು ಅಂತ ನನ್ ಕಣ್ಣೇ ಯೋಳ್ತದೆ. ಇನ್ನೊಂದ್ನ ನಾನು ಹೆಂಗಪ್ಪ ನಂಬ್ಲಿ?"

ಮುಕ್ತಿಯಾರ್, ಆ ಹೆಂಗಸೇ ಹೇಳಿಕೊಟ್ಟಳು ಅನ್ನಬಹುದಿತ್ತು, ಅನ್ನಲಿಲ್ಲ. ಕೃಷ್ಣಮ್ಮ ಎದ್ದು ನಾನೇ ಹೇಳಿಕೊಟ್ಟದ್ದು ಅನ್ನಬಹುದಿತ್ತು. ಅಂದರೆ ಸಾಕ್ಷಿಗೆ ಸುಳ್ಳು ಕಲಿಸಿದವಳು ಅಂತಾಗುತ್ತದೆ, ಆಗ ಮೊದಲನೆಯ ಮಾತನ್ನೂ ಅವಳೇ ಕಲಿಸಿದಳು ಅನ್ನುತ್ತಾರೆ. ಹೇಗೆ ತಿರುಗಿದರೂ ಗೋಡೆ. ಪಕ್ಕದಲ್ಲಿ ದೊಡ್ಡಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದಳು. ಗೆದ್ದ ಮಗನಿಗಾಗಿಯೋ ಸೋತ ಸೊಸೆಗಾಗಿಯೋ ಅವಳಿಗೇ ಗೊತ್ತಿರಲಿಕ್ಕಿಲ್ಲ.

ಆಮೇಲೆ ದಾಸಪ್ಪನ ಸರದಿ. ಪಟೇಲರು ಕಣ್ಣಲ್ಲೇ ಮಣ್ಣು ತೋರಿಸಿದರು. ದಾಸಪ್ಪ ಬಾಳೆಲೆಯಿಂದ ಒಂದು ಹಿಡಿ ಎತ್ತಿಕೊಂಡು, ಪಾಲು ಆಗಿಲ್ಲ, ಕೂಡಿಯೇ ಇದ್ದೆವು ಅಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಅಂದವನಿಗೇ ಆಶ್ಚರ್ಯವಾಗಿರಬೇಕು, ಕೈ ಒದರಿದ ಮೇಲೂ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡೇ ನಿಂತಿದ್ದ. ಸಾಕ್ಷಿ ನಿಲ್ಲಲಿಲ್ಲ, ಕಾಗದವಿಲ್ಲ, ಖಾತೆ ಇದ್ದ ಹಾಗೇ ಇರಲಿ ಅಂತ ಚನ್ನಯ್ಯನವರು ಎದ್ದರು. ಅಣ್ಣನ ಮನೆಯಲ್ಲಿ ಆ ಹೆಣ್ಣುಮಗಳಿಗೆ ಅನ್ನ ಬಟ್ಟೆಗೆ ಕೊರತೆಯಾಗಬಾರದು ಅಂತಲೂ ಹೇಳಿದರು.

ಜನ ಚೆದುರಿದರು. ಮುಕ್ತಿಯಾರ್ ಅವಳ ಮುಂದಿನಿಂದಲೇ ಹಾದು ಹೋದ. ಅವನಿಗೆ ಶಾಪ ಹಾಕಬೇಕು ಅನ್ನಿಸಿತು ಕೃಷ್ಣಮ್ಮನಿಗೆ. ಶಾಪ ಹಾಕುವುದಾದರೆ ಯಾರಿಗೆ? ಟೆಂಟಿನವನಿಗೋ, ಬಿದ್ದವನಿಗೋ, ಮಣ್ಣು ಮುಟ್ಟಿದ ಭಾವನಿಗೋ, ಆ ಮಾತನ್ನು ಕಲಿಸಿದ ತನ್ನ ಬಾಯಿಗೋ? ಯಾರ ಮೇಲೂ ಸಿಟ್ಟು ಏಳಲಿಲ್ಲ. ಅಳುವೂ ಬರಲಿಲ್ಲ. ಮನೆಗೆ ಹೋಗಿ ಕುರಿ ಕೂಡಿದಳು. ಮಾಯಮ್ಮ ಬಂದು, ಇನ್ನು ಎರಡು ಒಲೆ ಯಾಕೆ, ಸೌದೆ ದಂಡ ಅಂದಾಗ, ಹೌದು ಅಂದಳು. ತನ್ನ ಒಲೆಯ ಮೇಲಿದ್ದ ಮಡಕೆಯನ್ನು ಅವಳ ಕಡೆಯ ಅಡಿಗೆಮನೆಗೆ ಎತ್ತಿಟ್ಟಳು.

ಬೆಳಿಗ್ಗೆ ಎದ್ದು ಬಿಂದಿಗೆ ಹಿಡಿದು ಎಂದಿನ ಹಾಗೆ ಬಾವಿಗೆ ಹೋದಳು. ದಾಸಪ್ಪ ಆಗಲೇ ಕಪಿಲೆ ಹೂಡಿದ್ದ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಜಗ್ಗುತ್ತಿದ್ದವು, ಚರ್ಮದ ಬಾನಿಯಿಂದ ನೀರು ದಬದಬನೆ ಕಾಲುವೆಗೆ ಬೀಳುತ್ತಿತ್ತು. ಅವಳನ್ನು ಕಂಡು ಎತ್ತು ನಿಲ್ಲಿಸಿದ. ಅವನಿಗೆ ಅವಳ ಮುಖ ನೋಡಲಾಗಲಿಲ್ಲ, ಕಣ್ಣಿಯನ್ನು ಬಿಗಿ ಮಾಡುವ ನೆಪದಲ್ಲಿ ಬಗ್ಗಿದ.

"ತುಂಬ್ಕೋ ಕೃಷ್ಣಮ್ಮ. ಯಾರ್ ಬ್ಯಾಡ ಅಂತಾರೆ?"

ಕೃಷ್ಣಮ್ಮ ಕಾಲುವೆಯ ಬಾಯಿಗೆ ಬಿಂದಿಗೆ ಹಿಡಿದಳು. ತುಂಬಿತು. ಸೊಂಟಕ್ಕೇರಿಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಬೈಗೊತ್ಗೆ ಇನ್ನೊಂದ್ ಬಿಂದ್ಗೆ ಬೇಕಾಯ್ತದೆ ಬಾವ," ಅಂದಳು. "ಬರ್ಲಾ?"

ದಾಸಪ್ಪ ಬಗ್ಗಿದ್ದವನು ಬಗ್ಗಿಯೇ ಇದ್ದ. ಬಾ ಅಂದ. ಕೃಷ್ಣಮ್ಮ ಆಯಿತು ಅಂದು, ನೀರು ತುಳುಕದ ಹಾಗೆ ಬದುವಿನ ಮೇಲೆ ನಡೆದು ಹೋದಳು.